ಲೆಕ್ಕಕ್ಕುಂಟು, ಆಟಕ್ಕಿಲ್ಲ

2025ರ ಜೂನ್ 3. ರಾತ್ರಿ ಹನ್ನೊಂದು ದಾಟಿತ್ತು. ಅಹಮದಾಬಾದ್‌ನಲ್ಲಿ ಐಪಿಎಲ್ ಫೈನಲ್‌ನ ಕೊನೇ ಓವರ್. ಪಂಜಾಬ್‌ಗೆ 6 ಬಾಲಿಗೆ 29 ರನ್ ಬೇಕು. ಆರ್‌ಸಿಬಿಯ ಹೇಜಲ್‌ವುಡ್ ಬಾಲ್ ಕೈಗೆ ತಗೊಂಡರು. ತುಮಕೂರಿನ ನಮ್ಮ ದೊಡ್ಡಪ್ಪ ಎದ್ದು ಹೊರಗೆ ಹೋಗಿಬಿಟ್ಟರು.

ಹೋಗಿದ್ದು ದೂರವೇನಲ್ಲ, ಮನೆ ಮುಂದಿನ ಜಗಲಿಗೆ. 2008ರ ಮೊದಲನೇ ಪಂದ್ಯದಿಂದ ಆರ್‌ಸಿಬಿ ನೋಡಿದವರು ಅವರು. ಆ ದಿನ ಚಿನ್ನಸ್ವಾಮಿಯಲ್ಲಿ ಮೆಕಲಮ್ 158 ಹೊಡೆದರು, ನಮ್ಮವರು 82ಕ್ಕೆ ಆಲೌಟ್. ಅಲ್ಲಿಂದ 17 ಸೀಸನ್ ಸೋಲು ನುಂಗಿಕೊಂಡು ಬಂದ ಮನುಷ್ಯ, ಕಪ್ ಕೈಗೆ ಬರೋ ಹೊತ್ತಿಗೆ ಕತ್ತಲಲ್ಲಿ ನಿಂತು ಸಂಪಿಗೆ ಮರ ನೋಡುತ್ತಿದ್ದರು. "ಏನಾಯ್ತೋ?" ಅಂತ ಒಳಗೆ ಕೂಗಿ ಕೇಳಿದರು. "ಡಾಟ್ ದೊಡ್ಡಪ್ಪ!" ಅಂದೆವು. "ಈಗ?" "ಇದೂ ಡಾಟ್!"

ಎರಡು ಡಾಟ್, ಅಂದರೆ ರನ್ನೇ ಬರದ ಎರಡು ಬಾಲ್ ಆದಮೇಲೆ ಲೆಕ್ಕ ಮುಗಿದಿತ್ತು. ಉಳಿದ ನಾಲ್ಕಕ್ಕೆ ನಾಲ್ಕೂ ಸಿಕ್ಸರ್ ಹೋದರೂ 24. ನೋ ಬಾಲ್, ವೈಡ್ ಏನಾದರೂ ಆಗಬೇಕಿತ್ತು ಅಷ್ಟೇ. ಬೌಂಡರಿ ಹತ್ತಿರ ಕೊಹ್ಲಿ ಆಗಲೇ ಅಳುತ್ತಿದ್ದರು. ದೊಡ್ಡಪ್ಪ ಒಳಗೆ ಬಂದು ಕೂತರು. ಆಮೇಲೆ ಶಶಾಂಕ್ ಸಿಂಗ್ ಸಿಕ್ಸ್, ಫೋರ್, ಸಿಕ್ಸ್, ಸಿಕ್ಸ್ ಹೊಡೆದರು. ಎದುರಾಳಿ ಹೊಡೆದ ಆ ಹೊಡೆತಗಳಿಗೆ ದೊಡ್ಡಪ್ಪ ಚಪ್ಪಾಳೆ ತಟ್ಟಿದರು. "ಏನ್ ಹೊಡೀತಾನಪ್ಪ ಹುಡುಗ!"

ಇಡೀ ಪಂದ್ಯದಲ್ಲಿ ಅವರು ಆಟ ಅಂತ ನೋಡಿದ್ದು ಆ ನಾಲ್ಕು ಬಾಲ್ ಮಾತ್ರ ಅಂತ ನನಗೆ ಅನ್ನಿಸುತ್ತೆ. ಅದಕ್ಕೂ ಮುಂಚಿನದೆಲ್ಲ ಬೇರೇನೋ. ಆ ಬೇರೇನೋ ಏನು? ಕೋಟ್ಯಂತರ ಜನ ಅದಕ್ಕಾಗಿ ಯಾಕೆ ಕೂರುತ್ತಾರೆ? ಅಷ್ಟೇ ಜನ ಅದರ ಹತ್ತಿರವೂ ಯಾಕೆ ಸುಳಿಯುವುದಿಲ್ಲ?

ಚಿಕ್ಕವರಿದ್ದಾಗ ಗಲ್ಲಿ ಕ್ರಿಕೆಟ್‌ನಲ್ಲಿ ತೀರಾ ಸಣ್ಣ ಮಕ್ಕಳನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ ಸೇರಿಸಿಕೊಳ್ಳುತ್ತಿದ್ದೆವು. ಓಡಬಹುದು, ಕೂಗಬಹುದು, ಔಟಾದರೆ ಔಟಲ್ಲ. ಪ್ರೇಕ್ಷಕನ ಕತೆ ಇದರ ಉಲ್ಟಾ. ಅವನು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಟಿಕೆಟ್ ಲೆಕ್ಕಕ್ಕೆ, ಟಿಆರ್‌ಪಿ ಲೆಕ್ಕಕ್ಕೆ ಅವನು ಬೇಕು. ಆದರೆ ಹೇಜಲ್‌ವುಡ್ ಯಾರ್ಕರ್ ಹಾಕಬೇಕೋ ಸ್ಲೋ ಬಾಲ್ ಹಾಕಬೇಕೋ ಅನ್ನುವುದರಲ್ಲಿ ಅವನ ಮಾತು ನಡೆಯುವುದಿಲ್ಲ. ಆಸೆ ಪೂರ್ತಿ ಅವನದು, ಕೈಯಲ್ಲಿ ಮಾತ್ರ ಏನೂ ಇಲ್ಲ. ಈ ಪರಿಸ್ಥಿತಿ ಕೆಲವರಿಗೆ ಮಜಾ ಕೊಡುತ್ತೆ, ಕೆಲವರಿಗೆ ಹಿಂಸೆ. ಬಹಳಷ್ಟು ಜನಕ್ಕೆ ಎರಡೂ ಒಟ್ಟಿಗೆ.

ಹಿಂಸೆ ಅನ್ನುವುದು ಬರೀ ಮಾತಿಗಲ್ಲ. 2006ರ ಫುಟ್ಬಾಲ್ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತು. ಆಗ ಮ್ಯೂನಿಕ್ ಸುತ್ತಮುತ್ತ ಹೃದಯದ ತೊಂದರೆಯಿಂದ ತುರ್ತು ಚಿಕಿತ್ಸೆಗೆ ಬಂದವರ ಲೆಕ್ಕವನ್ನು ವೈದ್ಯರು ಇಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಆ ಸಂಖ್ಯೆ ಮಾಮೂಲಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಇತ್ತು. ಅರ್ಜೆಂಟೀನಾ ಜೊತೆಗಿನ ಕ್ವಾರ್ಟರ್ ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋಗಿತ್ತು. ಜರ್ಮನಿ ಗೆದ್ದ ಪಂದ್ಯ ಅದು. ಆದರೂ ಆ ದಿನ ಸಂಖ್ಯೆ ಏರಿತ್ತು. ಅಂದರೆ ಎದೆಗೆ ಕುತ್ತು ತಂದಿದ್ದು ಸೋಲಿನ ದುಃಖ ಅಲ್ಲ. ಏನಾಗುತ್ತೋ ಅನ್ನುವ ಕಾಯುವಿಕೆ. ಬಿಪಿ ಮಾತ್ರೆ ತಗೊಳ್ಳುವ ದೊಡ್ಡಪ್ಪ ಜಗಲಿಗೆ ಹೋಗಿದ್ದರಲ್ಲಿ ತಪ್ಪೇನಿಲ್ಲ ಅಲ್ವಾ?

ಹೊರಗೆ ಹೋಗದವರು ಬೇರೆ ದಾರಿ ಹುಡುಕಿಕೊಂಡಿದ್ದಾರೆ. ಕೈಯಲ್ಲಿ ಏನೂ ಇಲ್ಲದಿದ್ದರೂ ಇದೆ ಅಂತ ನಟಿಸುವುದು. ಎಬಿ ಡಿವಿಲಿಯರ್ಸ್ ಆಡುವಾಗ ನಮ್ಮ ಮನೆಯಲ್ಲಿ ಯಾರೂ ಜಾಗ ಬಿಟ್ಟು ಕದಲುವಂತಿರಲಿಲ್ಲ. ಒಂದು ಸಲ ನನ್ನ ತಮ್ಮ ಬಾತ್‌ರೂಮಿಗೆ ಎದ್ದ, ವಿಕೆಟ್ ಬಿತ್ತು. ಆ ಸೀಸನ್ ಪೂರ್ತಿ ಅವನು ಹೊಟ್ಟೆ ಹಿಡಿದುಕೊಂಡೇ ಪಂದ್ಯ ನೋಡಿದ. ಒಬ್ಬರಿಗೆ ಹಳೇ ಜರ್ಸಿ ತೊಳೆಯುವ ಹಾಗಿಲ್ಲ, ಇನ್ನೊಬ್ಬರಿಗೆ 'ಗೆಲ್ತೀವಿ' ಅಂತ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಇಂಜಿನಿಯರು, ಡಾಕ್ಟರು, ಮೇಷ್ಟ್ರು ಯಾರೂ ಇದಕ್ಕೆ ಹೊರತಲ್ಲ. ತುಮಕೂರಿನ ಸೋಫಾ ಮೇಲೆ ಕಾಲು ಮಡಚಿ ಕೂತರೆ ಅಹಮದಾಬಾದ್‌ನಲ್ಲಿ ಬಾಲ್ ಸ್ವಿಂಗ್ ಆಗುತ್ತೆ ಅಂತ ಯಾರೂ ನಂಬುವುದಿಲ್ಲ. ಆದರೂ ಕಾಲು ಇಳಿಸುವ ಧೈರ್ಯ ಇರುವುದಿಲ್ಲ.

ಈ 'ಏನಾಗುತ್ತೋ' ಎಷ್ಟು ಮುಖ್ಯ ಅನ್ನುವುದು ನನಗೆ ಗೊತ್ತಾಗಿದ್ದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ನಾನು ಮ್ಯಾಚ್ ನೋಡುವುದು ಮೊಬೈಲಿನಲ್ಲಿ. ಪಕ್ಕದ ಮನೆಯವರದು ಕೇಬಲ್. ಮೊಬೈಲಿಗೆ ಬರುವ ಚಿತ್ರ ಅವರ ಟಿವಿಗಿಂತ ಒಂದಷ್ಟು ಸೆಕೆಂಡ್ ತಡ. ನನ್ನ ಫೋನಿನಲ್ಲಿ ಬೌಲರ್ ಇನ್ನೂ ರನ್ನಪ್ ಕಡೆ ನಡೀತಾ ಇರುತ್ತಾನೆ, ಗೋಡೆ ಆಚೆಯಿಂದ "ಹೋ!" ಅಂತ ಕೂಗು ಬರುತ್ತೆ. ಬಾಲ್ ಸಿಕ್ಸ್ ಹೋಗಿದೆ. ಆಮೇಲೆ ನಾನು ನೋಡುವುದು ಬಾಲನ್ನಲ್ಲ, ಆಗಿಹೋದ ಘಟನೆಯ ವಿಡಿಯೋವನ್ನ. ಚಿತ್ರ ಅದೇ, ಹೊಡೆತ ಅದೇ, ರುಚಿ ಮಾತ್ರ ಇಲ್ಲ. ಕೊನೆಗೆ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನೋಡಲು ಶುರುಮಾಡಿದೆ. ಅರ್ಧ ನಿಮಿಷದ ಅಜ್ಞಾನ ಕಾಪಾಡಿಕೊಳ್ಳೋಕೆ ಇಷ್ಟು ಒದ್ದಾಟ.

ಇನ್ನು 'ನಮ್ದೇ' ಅನ್ನುವ ಮಾತಿಗೆ ಬರೋಣ.

1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ದಿನಿ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಕಾಲೇಜಿನ ಫುಟ್ಬಾಲ್ ತಂಡ ಗೆದ್ದಿದ್ದರೆ ಸೋಮವಾರ ಕಾಲೇಜಿನ ಹೆಸರಿರುವ ಅಂಗಿ ಹಾಕಿಕೊಂಡು ಬರುವ ಹುಡುಗರು ಜಾಸ್ತಿ ಇರುತ್ತಿದ್ದರು. ಫೋನ್ ಮಾಡಿ ಪಂದ್ಯದ ಬಗ್ಗೆ ಕೇಳಿದರೆ, ಗೆದ್ದ ಪಂದ್ಯದ ಮಾತಿನಲ್ಲಿ 'ನಾವು' ಹೆಚ್ಚು, ಉಳಿದದ್ದರಲ್ಲಿ ಕಡಿಮೆ. ನನಗೆ ಇಷ್ಟವಾದದ್ದು ಅದರೊಳಗಿನ ಇನ್ನೊಂದು ಪರೀಕ್ಷೆ. ಫೋನಿನಲ್ಲೇ ಆರು ಪ್ರಶ್ನೆ ಕೇಳಿ ಕೆಲವರಿಗೆ 'ನೀವು ಚೆನ್ನಾಗಿ ಮಾಡಲಿಲ್ಲ' ಅಂತ ಹೇಳಿ, ಆಮೇಲೆ ಪಂದ್ಯದ ವಿಷಯ ತೆಗೆದರು. ಹಾಗೆ ಅನ್ನಿಸಿಕೊಂಡವರೇ ಗೆಲುವಿನ ವಿಷಯಕ್ಕೆ 'ನಾವು' ಅಂತ ಜಾಸ್ತಿ ಅಂಟಿಕೊಂಡರು. ತಮ್ಮ ಜೇಬು ಖಾಲಿಯಾದವರು ಪಕ್ಕದವರ ಜೇಬಿಗೆ ಕೈ ಹಾಕಿದ ಹಾಗೆ.

ಕನ್ನಡದಲ್ಲಿ ಇದನ್ನು ಕಂಡುಹಿಡಿಯೋಕೆ ಅಧ್ಯಯನ ಬೇಕಾಗಿಲ್ಲ. ಕ್ರಿಯಾಪದದ ಕೊನೆ ನೋಡಿದರೆ ಸಾಕು. ಬೆಳಗ್ಗೆ ಹಾಲಿನ ಬೂತ್ ಹತ್ತಿರ ನಿಂತು ಕೇಳಿ. ಗೆದ್ದಿದ್ದರೆ "ಗೆದ್ವಿ ಗುರೂ!" ಸೋತಿದ್ದರೆ "ಸೋತ್ರಂತೆ." ರಾತ್ರಿ ಹನ್ನೆರಡರವರೆಗೂ ಕೂತು ನೋಡಿದವನೂ ಬೆಳಗ್ಗೆ 'ಅಂತೆ' ಸೇರಿಸುತ್ತಾನೆ, ಯಾರೋ ಹೇಳಿದ್ದನ್ನು ಕೇಳಿದವನ ಹಾಗೆ.

ಆದರೆ ಆರ್‌ಸಿಬಿ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತೆ. ಗೆಲುವಿಗಾಗಿ ಮಾತ್ರ ಜನ ಅಂಟಿಕೊಳ್ಳುವುದಾದರೆ ಈ ತಂಡದ ಹಿಂದೆ 2012ರ ಹೊತ್ತಿಗೇ ಯಾರೂ ಉಳಿಯಬಾರದಿತ್ತು. 2009ರ ಫೈನಲ್ 6 ರನ್ನಿಗೆ ಸೋಲು. 2011ರಲ್ಲಿ 58 ರನ್ನಿಗೆ. 2016ರಲ್ಲಿ ಚಿನ್ನಸ್ವಾಮಿಯಲ್ಲೇ 8 ರನ್ನಿಗೆ. 2013ರ ಏಪ್ರಿಲ್ 23ರಂದು ಗೇಲ್ 175 ಹೊಡೆದು ತಂಡ 263 ಮಾಡಿತು. 2017ರ ಅದೇ ಏಪ್ರಿಲ್ 23ಕ್ಕೆ ಕೋಲ್ಕತ್ತಾದಲ್ಲಿ 49ಕ್ಕೆ ಆಲೌಟ್. ಹೆಸರೋ ಒಂದು ವಿಸ್ಕಿ ಬ್ರ್ಯಾಂಡಿನದು. ಕಪ್ ಗೆದ್ದ ಫೈನಲ್‌ನಲ್ಲಿ ಕರ್ನಾಟಕದ ಆಟಗಾರ ಅಂತ ಇದ್ದಿದ್ದು ಮಯಾಂಕ್ ಅಗರ್ವಾಲ್ ಒಬ್ಬರು. ಇದರಲ್ಲಿ 'ನಮ್ದು' ಯಾವುದು?

ನನಗೆ ಕಾಣುವುದು ಇಷ್ಟು. ಸೋಲನ್ನು ಹಂಚಿಕೊಂಡು ನಗುವುದೇ ಇಲ್ಲಿ ಸದಸ್ಯತ್ವ ಆಗಿಹೋಗಿತ್ತು. 'ಈ ಸಲ ಕಪ್ ನಮ್ದೇ' ಅನ್ನುವುದು ಪ್ರತೀ ವರ್ಷ ಹೇಳಿ, ಪ್ರತೀ ವರ್ಷ ಸುಳ್ಳಾಗಿ, ಕೊನೆಗೆ ತಮಾಷೆಯೇ ಆಗಿತ್ತು. ಬೇರೆ ಊರಿನವರು ಅಣಕಿಸುವ ಮೊದಲು ನಾವೇ ಅಣಕಿಸಿಕೊಳ್ಳುತ್ತಿದ್ದೆವು. 49 ಅಂದರೆ ಸಾಕು, ಆಫೀಸಿನಲ್ಲಿ ಅಪರಿಚಿತರಿಬ್ಬರು ಪರಿಚಯದವರಾಗುತ್ತಿದ್ದರು. ಹುಬ್ಬಳ್ಳಿಯವನಿಗೂ ಮಂಗಳೂರಿನವನಿಗೂ ಮಾತಿನ ಧಾಟಿ ಬೇರೆ, ಊಟ ಬೇರೆ. ಈ ಬೇಜಾರು ಮಾತ್ರ ಒಂದೇ. ಗೆದ್ದ ಮೇಲೆ ಕೆಲವರು "ಏನೋ ಕಳೆದುಕೊಂಡ ಹಾಗಿದೆ" ಅಂದಿದ್ದು ಸುಮ್ನೆ ಅಲ್ಲ.

ಈ ತಂಡಕ್ಕೆ ಮೊದಲ ಕಪ್ ತಂದವರು ಹೆಂಗಸರು, 2024ರ ಮಾರ್ಚ್‌ನಲ್ಲಿ. ಇದನ್ನು ಮರೆತು '18 ವರ್ಷದ ಬರ' ಅನ್ನುವವರು ಈಗಲೂ ಇದ್ದಾರೆ.

ನಿಜವಾಗಿ ನಮ್ಮವರೇ ಆಡಿದ ಕಾಲವೂ ಇತ್ತು. 1996ರ ಅಕ್ಟೋಬರ್ 21, ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೈಟನ್ ಕಪ್ ಪಂದ್ಯ. 216 ಬೇಕು, 164ಕ್ಕೆ 8 ವಿಕೆಟ್ ಬಿದ್ದಿದೆ. ಆಡುತ್ತಿರುವವರು ಕುಂಬ್ಳೆ, ಶ್ರೀನಾಥ್. ಸ್ಟ್ಯಾಂಡಿನಲ್ಲಿ ಕೂತಿದ್ದ ಕುಂಬ್ಳೆಯವರ ತಾಯಿ, ಅಜ್ಜಿಯನ್ನು ಕ್ಯಾಮೆರಾ ಮತ್ತೆ ಮತ್ತೆ ತೋರಿಸುತ್ತಿತ್ತು. ಅವತ್ತು ಇಬ್ಬರೂ ಸೇರಿ ಗೆಲ್ಲಿಸಿಬಿಟ್ಟರು. ದೊಡ್ಡಪ್ಪನಿಗೆ ಆ ಪಂದ್ಯದ ಹೊಡೆತಗಳಿಗಿಂತ ಆ ಇಬ್ಬರ ಮುಖವೇ ನೆನಪಿದೆ. ಟಿವಿ ಮುಂದೆ ಕೂತವರೆಲ್ಲ ಅವತ್ತು ಆ ಅಜ್ಜಿಯ ಜೊತೆಗೇ ಕೂತಿದ್ದರು.

ಎಲ್ಲರೂ ತಂಡಕ್ಕಾಗಿ ನೋಡುತ್ತಾರೆ ಅಂತಲೂ ಅಲ್ಲ. ಒಬ್ಬನಿಗಾಗಿ ನೋಡುವವರು ಇನ್ನೊಂದು ಜಾತಿ. 2025ರ ಜನವರಿಯಲ್ಲಿ ಕೊಹ್ಲಿ ಎಷ್ಟೋ ವರ್ಷದ ಮೇಲೆ ರಣಜಿ ಆಡಲು ಬಂದರು, ದೆಹಲಿ ಪರವಾಗಿ ರೈಲ್ವೇಸ್ ವಿರುದ್ಧ. ಖಾಲಿ ಹೊಡೆಯುವ ರಣಜಿ ಪಂದ್ಯಕ್ಕೆ ಸಾವಿರಾರು ಜನ ಬೆಳಗ್ಗೆಯಿಂದ ಕ್ಯೂ ನಿಂತರು. ಕೊಹ್ಲಿ 6 ರನ್ನಿಗೆ ಬೌಲ್ಡ್. ಸ್ಟಂಪ್ ಗಿರಗಿರ ತಿರುಗಿ ಬಿತ್ತು. ಜನ ಎದ್ದು ಮನೆಗೆ ಹೋದರು. ಆಟ ಇನ್ನೂ ನಡೀತಿತ್ತು. ಆ ವಿಕೆಟ್ ತೆಗೆದ ಹಿಮಾಂಶು ಸಾಂಗ್ವಾನ್ ಅವತ್ತು ಜೀವಮಾನದ ಬಾಲ್ ಹಾಕಿದ್ದರು. ಹತ್ತು ಸಾವಿರ ಜನರ ಬೇಜಾರೇ ಅದಕ್ಕೆ ಸಿಕ್ಕ ಬಹುಮಾನ.

ಇವರನ್ನು ನೋಡಿ ನಗುವ ಮೊದಲು ಇನ್ನೊಂದು ಥರದ ನೋಡುವಿಕೆ ಹೇಳಬೇಕು, ಕಂಬಳ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ದಾರಿ) 13.62 ಸೆಕೆಂಡಿನಲ್ಲಿ ಓಡಿದರು ಅಂತ ದೇಶವೆಲ್ಲ ಸುದ್ದಿಯಾಯಿತು. ಉಸೇನ್ ಬೋಲ್ಟ್ ಜೊತೆ ಹೋಲಿಕೆ, ಕೇಂದ್ರ ಕ್ರೀಡಾ ಸಚಿವರಿಂದ ಟ್ರಯಲ್ಸ್‌ಗೆ ಆಹ್ವಾನ. ಹೊರಗಿನವರು ನೋಡಿದ್ದು ಓಡಿದ ಮನುಷ್ಯನನ್ನು. ಅಲ್ಲಿನವರು ಮೊದಲು ನೋಡುವುದು ಕೋಣಗಳನ್ನು. ಯಾರ ಮನೆಯ ಕೋಣ, ಯಾವ ಜೋಡಿ, ಕಳೆದ ವಾರ ಯಾವ ಕರೆಯಲ್ಲಿ ಹೇಗೆ ಓಡಿತ್ತು, ಈ ಸಲ ಎಡಗಡೆಯ ಕೋಣ ಯಾಕೆ ಬದಲಾಗಿದೆ. ಫಲಿತಾಂಶ ಕೂಗುವುದೂ ಯಜಮಾನರ ಮನೆ ಹೆಸರಿನಿಂದಲೇ. ಓಡಿಸಿದವರ ಹೆಸರು ಆಮೇಲೆ ಬರುತ್ತೆ. ಕನೆಹಲಗೆ ವಿಭಾಗದಲ್ಲಿ ವೇಗ ಲೆಕ್ಕಕ್ಕೇ ಇಲ್ಲ. ಹಲಗೆ ಮೇಲೆ ನಿಂತವನ ಕಾಲಡಿಯಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆ ಮುಟ್ಟಿತೋ ಇಲ್ಲವೋ ಅನ್ನುವುದೇ ಆಟ.

ನಾನು ಘಟ್ಟದ ಮೇಲಿನವನು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ನೋಡಲು ಹೋಗಿದ್ದೆ. ಅರ್ಧ ಗಂಟೆಯಲ್ಲಿ ನನಗೆ ಎಲ್ಲ ಓಟವೂ ಒಂದೇ ಥರ ಕಂಡಿತು. ಪಕ್ಕದಲ್ಲಿ ಬಂಟ್ವಾಳದ ಕಡೆಯ ಹಿರಿಯರೊಬ್ಬರು ನಿಂತಿದ್ದರು. "ನೀವು ಮಂಜೊಟ್ಟಿ ಹತ್ತಿರ ಮಾತ್ರ ನೋಡ್ತಾ ಇದ್ದೀರಿ ಮಾರಾಯ್ರೆ. ಬಿಡುವ ಜಾಗ ನೋಡಿ, ಓಟ ಗೆಲ್ಲುವುದು ಅಲ್ಲಿ," ಅಂದರು. ಓಟ ಮುಗಿಸಿ ಕೋಣ ಹತ್ತುವ ದಿಬ್ಬ ಮಂಜೊಟ್ಟಿ. ಅದರ ಇನ್ನೊಂದು ತುದಿಯಲ್ಲಿ ಕೋಣಗಳನ್ನು ಜೋಡಿ ನಿಲ್ಲಿಸುವುದೇ ಒಂದು ದೊಡ್ಡ ಕಲೆ. ಅದನ್ನು ನೋಡಲು ಶುರುಮಾಡಿದ ಮೇಲೆ ನನಗೆ ಟೈಮ್ ಹೋಗಿದ್ದೇ ತಿಳಿಯಲಿಲ್ಲ.

'ಬೋರು' ಅಂತ ಆಟ ನೋಡದವರಲ್ಲಿ ಎಷ್ಟೋ ಜನರ ಪಕ್ಕದಲ್ಲಿ ಇಂಥ ಒಬ್ಬರು ನಿಂತಿರಲಿಲ್ಲ ಅಷ್ಟೇ.

ಎಲ್ಲರೂ ಹಾಗಲ್ಲ. ನೋಡದೆ ಇರೋಕೆ ಗಟ್ಟಿ ಕಾರಣ ಇರುವವರೂ ಇದ್ದಾರೆ. ನಮ್ಮ ಅತ್ತಿಗೆಯನ್ನು ಕೇಳಿದೆ. "ನಿಮ್ಮಣ್ಣ, ನೀನು, ಮಾವ ಎಲ್ಲ ಮ್ಯಾಚ್ ನೋಡಿದ್ರಿ. ನಾನು ನೋಡಿದ್ದು ಬಾಣಲೆ," ಅಂದರು. ಹೌದು. ಇಂಡಿಯಾ-ಪಾಕಿಸ್ತಾನ ಮ್ಯಾಚ್ ಅಂದರೆ ನಮ್ಮ ನೆನಪಿನಲ್ಲಿ ಮೆಣಸಿನಕಾಯಿ ಬಜ್ಜಿಯೂ ಇದೆ. ಅದನ್ನು ಕರಿದವರು ಎಷ್ಟು ಓವರ್ ನೋಡಿದರು ಅಂತ ಯಾರೂ ಕೇಳಲಿಲ್ಲ. ಅವರ ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಅಂದರೆ ಹುಡುಗರಿಗೆ ಮೈದಾನ, ಹುಡುಗಿಯರಿಗೆ ಮರದ ನೆರಳು. ಬ್ಯಾಟ್ ಒಂದು ಸಲವೂ ಹಿಡಿಯದವರಿಗೆ 140 ವೇಗದ ಬಾಲ್ ಅಂದರೆ ಏನು ಅಂತ ಮೈಗೆ ಗೊತ್ತಾಗುವುದು ಹೇಗೆ? ಮನೆಗೆ ಒಂದೇ ಟಿವಿ, ಐಪಿಎಲ್ ಶುರುವಾಗುವುದು ರಾತ್ರಿ ಏಳೂವರೆಗೆ, ಅವರ ಸೀರಿಯಲ್ ಹೊತ್ತಿಗೆ ಸರಿಯಾಗಿ. ಎರಡು ತಿಂಗಳು ರಿಮೋಟ್ ಕಳೆದುಕೊಂಡವರಿಗೆ ಆಟದ ಮೇಲೆ ಪ್ರೀತಿ ಬರುತ್ತಾ?

ಟೈಮ್ ವಿಷಯವೂ ಸಣ್ಣದಲ್ಲ. 2025ರ ಐಪಿಎಲ್ ಪಟ್ಟಿಯಲ್ಲಿ 74 ಪಂದ್ಯ. ಒಂದಕ್ಕೆ ಸುಮಾರು ನಾಲ್ಕು ಗಂಟೆ. ಎಲ್ಲ ನೋಡಿದರೆ ಮುನ್ನೂರು ಗಂಟೆ ಹತ್ತಿರ. ನಮ್ಮ ತಂಡದ 14 ಲೀಗ್ ಪಂದ್ಯ ಮಾತ್ರ ನೋಡಿದರೂ 56 ಗಂಟೆ. ಬೆಳಗ್ಗೆ ಐದಕ್ಕೆ ಎದ್ದು ಹೂವಿನ ಮಾರ್ಕೆಟ್‌ಗೆ ಹೋಗುವವರಿಗೆ ಇದು ಆಗದ ಮಾತು. ಹಾಗಾಗಿ ಅವರು ಹತ್ತು ನಿಮಿಷದ ಹೈಲೈಟ್ಸ್ ನೋಡುತ್ತಾರೆ.

ದುಡ್ಡು ಹಾಕಿ ನೋಡುವವರು ಬೇರೆಯೇ ಆಗಿಬಿಟ್ಟಿದ್ದರು. ಫ್ಯಾಂಟಸಿ ಆ್ಯಪ್‌ನಲ್ಲಿ ಐವತ್ತು, ನೂರು ಕಟ್ಟಿ ಹನ್ನೊಂದು ಜನರನ್ನು ಆರಿಸಿಕೊಳ್ಳುವುದು. ಆಟಕ್ಕಿಲ್ಲದ ಪ್ರೇಕ್ಷಕನಿಗೆ ಒಂದು ಲಗಾಮು ಕೊಟ್ಟ ಹಾಗಿತ್ತು ಅದು. ನನ್ನ ಕಸಿನ್ ಒಬ್ಬ ಕೊಹ್ಲಿ ಔಟಾದಾಗ ಎದ್ದು ಕುಣಿದ, ಬೌಲರ್ ಅವನ ಟೀಮಿನಲ್ಲಿದ್ದ. ಆರ್‌ಸಿಬಿ ಜರ್ಸಿ ಹಾಕಿಕೊಂಡೇ ಕುಣಿದ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಹಣದ ಆನ್‌ಲೈನ್ ಆಟಗಳು ನಿಂತವು. ಆಮೇಲೆ ಅವನು ಮ್ಯಾಚ್ ನೋಡುವುದನ್ನೇ ಕಡಿಮೆ ಮಾಡಿದ. ಅಂದರೆ ಅವನು ನೋಡುತ್ತಿದ್ದದ್ದು ಕ್ರಿಕೆಟ್ ಆಗಿರಲಿಲ್ಲ.

ಕಪ್ ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಸುಮಾರು 35 ಸಾವಿರ ಜನ ಹಿಡಿಯುವ ಸ್ಟೇಡಿಯಂ ಸುತ್ತ ಲಕ್ಷಗಟ್ಟಲೆ ಜನ ಸೇರಿದ್ದರು. ಆ ದಿನ ಅಲ್ಲಿ ಆಟವೇ ಇರಲಿಲ್ಲ ಅನ್ನುವುದು ನನ್ನನ್ನು ಈಗಲೂ ಕಾಡುತ್ತೆ. ಬಾಲ್ ಇಲ್ಲ, ಬ್ಯಾಟ್ ಇಲ್ಲ, ಸ್ಕೋರ್ ಇಲ್ಲ. ಅಷ್ಟು ವರ್ಷ ಟಿವಿ ಮುಂದೆ ಬಿಡಿಬಿಡಿಯಾಗಿ ಕೂತವರಿಗೆ 'ನಾವು' ಅನ್ನುವುದನ್ನು ಒಂದು ಸಲ ಕಣ್ಣಾರೆ ನೋಡಬೇಕಿತ್ತು. ಬಂದಿದ್ದರಲ್ಲಿ ತಪ್ಪಿಲ್ಲ. ಅವರನ್ನು ಕಾಪಾಡುವ ವ್ಯವಸ್ಥೆ ಇರಲಿಲ್ಲ. ನನ್ನ ಗೆಳೆಯನೊಬ್ಬ ಅವತ್ತು ಕಬ್ಬನ್ ಪಾರ್ಕ್ ಮೆಟ್ರೋ ತನಕ ಹೋಗಿ, ಜನ ನೋಡಿ ಹೆದರಿ ವಾಪಸ್ ಬಂದಿದ್ದ. ಅವನು ಆಮೇಲೆ ಮ್ಯಾಚ್ ಹಾಕಿಲ್ಲ. ಅವನ ಹತ್ತಿರ ನಾನೂ ಆ ಮಾತು ಎತ್ತುವುದಿಲ್ಲ.

ಅದರ ನಂತರ ಹೆಂಗಸರ ವಿಶ್ವಕಪ್ ಪಂದ್ಯಗಳನ್ನೂ ಬೆಂಗಳೂರಿನಿಂದ ತೆಗೆದು ನವಿ ಮುಂಬೈಗೆ ಹಾಕಿದರು. ಮೊದಲಿನ ಪಟ್ಟಿಯಲ್ಲಿ ಫೈನಲ್‌ಗೂ ಬೆಂಗಳೂರಿನ ಹೆಸರಿತ್ತು. ಸೆಮಿಫೈನಲ್‌ನಲ್ಲಿ ಭಾರತದ ಜೆಮಿಮಾ ಔಟಾಗದೆ 127 ಹೊಡೆದು ಆಸ್ಟ್ರೇಲಿಯಾದ 338 ದಾಟಿಸಿದ್ದು, ನವೆಂಬರ್ 2ರಂದು ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ಕಪ್ ಎತ್ತಿದ್ದು, ಎರಡೂ ಆಗಿದ್ದು ಅಲ್ಲೇ. ಅವತ್ತು ಅತ್ತಿಗೆ ಸೋಫಾ ಮೇಲೆ ಕೂತಿದ್ದರು. ಎಲ್‌ಬಿಡಬ್ಲ್ಯೂ ಅಂದರೆ ಏನು ಅಂತ ಅಣ್ಣನನ್ನು ಮೂರು ಸಲ ಕೇಳಿದರು. ಮೂರನೇ ಸಲ ಅಣ್ಣನಿಗೇ ಸರಿಯಾಗಿ ಹೇಳೋಕಾಗಲಿಲ್ಲ. ಬಜ್ಜಿ ಹೋಟೆಲಿಂದ ಬಂತು.

ದೊಡ್ಡಪ್ಪ ಈಗ ಬಿಡುವಾದಾಗಲೆಲ್ಲ ಯೂಟ್ಯೂಬಿನಲ್ಲಿ 2025ರ ಫೈನಲ್ ಹೈಲೈಟ್ಸ್ ಹಾಕಿಕೊಂಡು ಕೂರುತ್ತಾರೆ. 6 ರನ್ನಿಗೆ ಗೆಲುವು ಅಂತ ಗೊತ್ತು. ಮೊದಲೆರಡು ಬಾಲ್ ಡಾಟ್ ಅಂತಲೂ ಗೊತ್ತು. ಹೋದ ತಿಂಗಳು ನಾನು ಹೋದಾಗಲೂ ಅದೇ ನಡೀತಿತ್ತು. ಹೇಜಲ್‌ವುಡ್ ಬಾಲ್ ತಗೊಂಡರು. ದೊಡ್ಡಪ್ಪ ಎದ್ದರು.

"ಎಲ್ಲಿಗೆ ದೊಡ್ಡಪ್ಪ?"

"ಇಲ್ಲೇ ಇರ್ತೀನಿ ಕಣೋ. ನೀನು ನೋಡ್ತಿರು," ಅಂದು ಜಗಲಿಗೆ ಹೋದರು.